ಪಾಸ್‌ವರ್ಡ್ ಕೊಟ್ಟರೆ ಕೇಸಾಗುತ್ತಾ? ಓದುಗರ ಪ್ರಶ್ನೆ, ವಕೀಲರ ಉತ್ತರ

ಕಳೆದ ಸಲ ಬ್ಯಾಂಕ್ ವಂಚನೆ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತಿವೆ. ನಮ್ಮ ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಡಬಹುದಾ, ಕೊಟ್ಟರೆ ಜೈಲಾ, ಅವರದ್ದು ನಾವು ಬಳಸಿದರೆ ಏನು? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಯಾರ ಹೆಸರೂ ಹಾಕಿಲ್ಲ, ಊರಿನ ಹೆಸರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಾನು ಹಾಸನದಲ್ಲಿದ್ದೇನೆ, ಮಗಳು ಮೈಸೂರಿನಲ್ಲಿ, ಮಗ ಬೆಂಗಳೂರಿನಲ್ಲಿ. ಸಿನಿಮಾ ನೋಡುವ ಆ್ಯಪ್‌ಗೆ ಮಗ ದುಡ್ಡು ಕಟ್ಟಿದ್ದಾನೆ. ಅದೇ ಪಾಸ್‌ವರ್ಡ್‌ನಲ್ಲಿ ಮೂವರೂ ನೋಡುತ್ತೇವೆ. ಪಾಸ್‌ವರ್ಡ್ ಹಂಚಿದರೆ ಮೂರು ವರ್ಷ ಜೈಲು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಓದಿದಾಗಿನಿಂದ ನಿದ್ದೆ ಇಲ್ಲ. (ಹಾಸನ)

ಉತ್ತರ: ಅಮ್ಮ, ಮೊದಲು ನಿದ್ದೆ ಮಾಡಿ. ಪಾಸ್‌ವರ್ಡ್ ಇನ್ನೊಬ್ಬರಿಗೆ ಹೇಳಿದ್ದೇ ಅಪರಾಧ ಎನ್ನುವ ಕಲಂ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಇಲ್ಲ.

ಆ ಮೂರು ವರ್ಷ ಎಲ್ಲಿಂದ ಬಂತು ಅಂದರೆ, 2000ದಲ್ಲಿ ಬಂದ ಈ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ಆಯಿತು, ಆಗ 66ಸಿ ಎಂಬ ಕಲಂ ಸೇರಿತು. ಬೇರೆಯವರ ಪಾಸ್‌ವರ್ಡ್, ಡಿಜಿಟಲ್ ಸಹಿ ಅಥವಾ ಗುರುತನ್ನು ಮೋಸದಿಂದ ಇಲ್ಲವೇ ಅಪ್ರಾಮಾಣಿಕವಾಗಿ ಬಳಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಅದು ಹೇಳುತ್ತದೆ. ‘ಮೋಸದಿಂದ’, ‘ಅಪ್ರಾಮಾಣಿಕವಾಗಿ’ ಎನ್ನುವ ಎರಡು ಪದಗಳನ್ನು ವಾಟ್ಸ್‌ಆ್ಯಪ್ ಸಂದೇಶ ಬರೆದವರು ನುಂಗಿಬಿಟ್ಟಿದ್ದಾರೆ. ಮಗನೇ ಕೊಟ್ಟದ್ದನ್ನು ಅಮ್ಮ ಬಳಸಿದರೆ ಅಲ್ಲಿ ಮಗನಿಗೆ ಯಾವ ಮೋಸವೂ ಇಲ್ಲ.

ಆದರೆ ಕಂಪನಿಯ ಜೊತೆ ನಿಮ್ಮ ಮಗ ಒಪ್ಪಿಕೊಂಡ ಷರತ್ತು ಬೇರೆ ಮಾತು. ನೆಟ್‌ಫ್ಲಿಕ್ಸ್‌ನವರು 2017ರಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂಬರ್ಥದ ಟ್ವೀಟ್ ಹಾಕಿದ್ದರು. 2023ರ ಜುಲೈನಲ್ಲಿ ಭಾರತದಲ್ಲೂ ಒಂದು ಖಾತೆ ಒಂದು ಮನೆಯವರಿಗೆ ಮಾತ್ರ ಎಂದು ಬಿಗಿ ಮಾಡಿದರು. ಷರತ್ತು ಮುರಿದರೆ ಕಂಪನಿ ನಿಮ್ಮನ್ನು ಹೊರಗೆ ಹಾಕಬಹುದು, ಖಾತೆ ನಿಲ್ಲಿಸಬಹುದು. ಅದು ಕರಾರಿನ ವಿಷಯ, ಅದಕ್ಕೆ ಪೊಲೀಸರು ಮನೆಗೆ ಬರುವುದಿಲ್ಲ. ಮಗನಿಗೆ ಹೇಳಿ ಆ ಪ್ಲಾನ್‌ನಲ್ಲಿ ಎಷ್ಟು ಮನೆಗೆ ಅವಕಾಶ ಇದೆ ಅಂತ ನೋಡಿಸಿ, ಅಷ್ಟು ಸಾಕು.

ಇದೇ ಲಾಗಿನ್ ಅನ್ನು ತಿಂಗಳಿಗೆ ಇಷ್ಟು ರೂಪಾಯಿ ಅಂತ ಟೆಲಿಗ್ರಾಮ್‌ನಲ್ಲಿ ಗುರುತಿಲ್ಲದವರಿಗೆ ಮಾರುವವರೂ ಇದ್ದಾರಲ್ಲ, ಅವರಿಗೆ ಈ ಸಮಾಧಾನ ಹೇಳಲಾರೆ. ಅಲ್ಲಿ ಅಕ್ರಮ ಲಾಭದ ಉದ್ದೇಶ ಕಣ್ಣಿಗೆ ಕಾಣುತ್ತದೆ. ಮಾರುವ ಲಾಗಿನ್ ಬಹಳ ಸಲ ಕದ್ದದ್ದೇ ಆಗಿರುತ್ತದೆ.

ಪ್ರಶ್ನೆ: ನಮ್ಮದು ತಾಲ್ಲೂಕು ಕಚೇರಿ ಎದುರು ಸಣ್ಣ ಸೈಬರ್ ಸೆಂಟರ್. ರೈತರು, ಪಿಂಚಣಿದಾರರು, ಕಾಲೇಜು ಹುಡುಗರು ಬರುತ್ತಾರೆ. ಸೇವಾ ಸಿಂಧು, ಸ್ಕಾಲರ್‌ಶಿಪ್, ಪಿಎಫ್, ರೈಲು ಟಿಕೆಟ್ ಎಲ್ಲಾ ಮಾಡಿಕೊಡುತ್ತೇನೆ. ಅವರಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ, ‘ನೀನೇ ಇಟ್ಕೊಳಪ್ಪ’ ಅನ್ನುತ್ತಾರೆ. ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ, ನಾನೂರಕ್ಕೂ ಜಾಸ್ತಿ ಇವೆ. ಇದು ತಪ್ಪಾ? (ಚಳ್ಳಕೆರೆ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜನರಿಗೆ ಸಹಾಯ ಮಾಡುವ ಮನಸ್ಸು ಎದ್ದು ಕಾಣುತ್ತದೆ, ಅದಕ್ಕೇ ನೇರವಾಗಿ ಹೇಳುತ್ತೇನೆ. ಆ ನೋಟ್‌ಬುಕ್ ನಿಮ್ಮ ಅಂಗಡಿಯಲ್ಲಿರುವ ಅತಿ ಅಪಾಯದ ವಸ್ತು.

ಅವರೇ ಇಟ್ಟುಕೋ ಎಂದಿದ್ದಾರೆ, ನೀವು ಅವರ ಕೆಲಸಕ್ಕೆ ಮಾತ್ರ ಬಳಸಿದ್ದೀರಿ. ಇಲ್ಲಿಯವರೆಗೆ ಅದು ಅಪರಾಧ ಅಲ್ಲ. ಆದರೆ ಕಾಯ್ದೆಯ 43ಎ ಕಲಂ ಇದೆ, ಅದರಡಿ 2011ರಲ್ಲಿ ಮಾಡಿದ ನಿಯಮಗಳಿವೆ. ಸೂಕ್ಷ್ಮ ವೈಯಕ್ತಿಕ ಮಾಹಿತಿ ಯಾವುದು ಎಂದು ಆ ನಿಯಮಗಳು ಒಂದು ಪಟ್ಟಿ ಕೊಡುತ್ತವೆ. ಆ ಪಟ್ಟಿಯ ಮೊದಲ ಸಾಲೇ ಪಾಸ್‌ವರ್ಡ್, ಬ್ಯಾಂಕ್ ವಿವರ ಅದರ ನಂತರ. ಇಂಥ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡವರು ಅಸಡ್ಡೆ ಮಾಡಿ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡಬೇಕು. ಇದು ದೊಡ್ಡ ಕಂಪನಿಗಳಿಗೆ ಮಾತ್ರ ಅಂದುಕೊಳ್ಳಬೇಡಿ, ಒಬ್ಬರೇ ನಡೆಸುವ ಅಂಗಡಿಯೂ ಅದರಲ್ಲಿ ಬರುತ್ತದೆ. ನಿಮ್ಮದು ಕಾಗದದ ಪುಸ್ತಕ ಅಂತ ವಾದ ಮಾಡಬಹುದು. ಆದರೆ ಬ್ರೌಸರ್‌ನಲ್ಲಿ ಸೇವ್ ಆಗಿರುವುದು, ನಿಮ್ಮ ಫೋನ್‌ನಲ್ಲಿ ಫೋಟೋ ತೆಗೆದಿಟ್ಟದ್ದು? ಅದಕ್ಕೆ ಆ ವಾದ ನಿಲ್ಲುವುದಿಲ್ಲ.

ಇನ್ನು ನಿಜವಾಗಿ ಆಗುವುದು ಏನು ಹೇಳಿ. ನೀವು ಊಟಕ್ಕೆ ಹೋಗಿರುತ್ತೀರಿ, ಅಂಗಡಿಯಲ್ಲಿ ಹುಡುಗ ಕೂತಿರುತ್ತಾನೆ. ಯಾರದ್ದೋ ಪಿಎಫ್ ಖಾತೆಗೆ ಹೋಗಿ ಏನೋ ಮಾಡುತ್ತಾನೆ ಅಥವಾ ಅವನ ಸ್ನೇಹಿತ ಪುಟದ ಫೋಟೋ ಹೊಡೆದುಕೊಳ್ಳುತ್ತಾನೆ. ಆಗ 66ಸಿ ಆ ಹುಡುಗನ ಮೇಲೆ ಬೀಳುತ್ತದೆ, ಆದರೆ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತು) ನಿಮ್ಮದು, ಅಂಗಡಿ ನಿಮ್ಮದು, ಪುಸ್ತಕದ ಅಕ್ಷರ ನಿಮ್ಮದು. ಮೊದಲು ಠಾಣೆಗೆ ಕರೆಯುವುದು ನಿಮ್ಮನ್ನೇ.

ಅದಕ್ಕಿಂತ ದೊಡ್ಡ ತಪ್ಪೊಂದನ್ನು ಎಷ್ಟೋ ಸೆಂಟರ್‌ಗಳಲ್ಲಿ ನೋಡಿದ್ದೇನೆ. ಗಿರಾಕಿ ಹತ್ತಿರ ಮೊಬೈಲ್ ಇಲ್ಲ ಅಂತ ತಮ್ಮ ನಂಬರನ್ನೇ ನೋಂದಣಿ ಮಾಡಿಬಿಡುತ್ತಾರೆ. ಇದನ್ನು ದಯವಿಟ್ಟು ಮಾಡಬೇಡಿ. ಒಟಿಪಿ ನಿಮಗೆ ಬರಲು ಶುರುವಾದ ದಿನದಿಂದ ಆ ಖಾತೆಯ ಬೀಗದ ಕೈ ನಿಮ್ಮ ಹತ್ತಿರ ಇದೆ ಅಂತಲೇ ಅರ್ಥ. ಮುಂದೆ ಏನು ಹೆಚ್ಚುಕಮ್ಮಿ ಆದರೂ ನಿಮಗೆ ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಮನೆಯಲ್ಲಿ ಮಗನದ್ದೋ ಸೊಸೆಯದ್ದೋ ನಂಬರ್ ಇರುತ್ತದೆ, ಅದನ್ನು ಹಾಕಿ.

ಸೈಬರ್ ಕೆಫೆಗಳಿಗೆ ಅಂತಲೇ 2011ರ ಬೇರೆ ನಿಯಮಗಳಿವೆ. ಬಂದವರ ಗುರುತಿನ ಚೀಟಿ ನೋಡಬೇಕು, ಯಾರು ಯಾವಾಗ ಬಂದರು ಎನ್ನುವ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕು ಎಂದು ಅವು ಹೇಳುತ್ತವೆ. ನೀವು ಇಡಬೇಕಾದ ಪುಸ್ತಕ ಅದು. ಪಾಸ್‌ವರ್ಡ್ ಪುಸ್ತಕದ ಬದಲು ಗಿರಾಕಿಯ ಕೈಗೇ ಒಂದು ಚೀಟಿ ಕೊಟ್ಟು ಅದರಲ್ಲಿ ಅವರೇ ಬರೆದುಕೊಳ್ಳಲಿ, ಬ್ಯಾಂಕ್ ಪಾಸ್‌ಬುಕ್ ಜೊತೆ ಮನೆಯಲ್ಲಿ ಇಟ್ಟುಕೊಳ್ಳಲಿ. ಅವರು ಎದುರಿಗೆ ಕೂತಿದ್ದಾಗ ಕೆಲಸ ಮುಗಿಸಿ ಲಾಗೌಟ್ ಮಾಡಿ. ಹಳೇ ನಾನೂರು ಜನರಿಗೆ ಮುಂದಿನ ಸಲ ಬಂದಾಗ ಪಾಸ್‌ವರ್ಡ್ ಬದಲಿಸಿಕೊಟ್ಟು ಆ ಸಾಲು ಹೊಡೆದುಹಾಕಿ. ನಿಧಾನವಾಗುತ್ತದೆ, ಆದರೂ ಮಾಡಿ.

ರೈಲು ಟಿಕೆಟ್ ಬಗ್ಗೆ ಇನ್ನೊಂದು ಮಾತು. ಸ್ವಂತ ಐಆರ್‌ಸಿಟಿಸಿ ಖಾತೆಯಲ್ಲಿ ಮನೆಯವರಿಗೆ, ಸ್ನೇಹಿತರಿಗೆ ಟಿಕೆಟ್ ತೆಗೆದುಕೊಡಬಹುದು. ಅದನ್ನೇ ಕಮಿಷನ್ ಹಾಕಿ ವ್ಯಾಪಾರ ಮಾಡಿದರೆ, ಗಿರಾಕಿಗಳ ಐಡಿಗಳನ್ನು ಸೇರಿಸಿಕೊಂಡು ಮಾಡಿದರೂ ಸರಿ, ರೈಲ್ವೆ ಕಾಯ್ದೆಯ 143ನೇ ಕಲಂ ಇದೆ. ಮೂರು ವರ್ಷದವರೆಗೆ ಜೈಲು ಇಲ್ಲವೇ ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ಅದು ಆನ್‌ಲೈನ್ ಟಿಕೆಟಿಗೂ ಅನ್ವಯ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಧಿಕೃತ ಏಜೆಂಟ್ ಆಗಿ ಮಾಡಿ, ಇಲ್ಲಾಂದ್ರೆ ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ಮಾವನವರಿಗೆ 78 ವರ್ಷ. ಎಟಿಎಂ ಕಾರ್ಡ್, ಪಿನ್ ಎರಡನ್ನೂ ಪರಿಚಯದ ಹುಡುಗನಿಗೆ ಕೊಟ್ಟು ದುಡ್ಡು ತರಿಸುತ್ತಾರೆ. ಹೇಳಿದರೆ ಕೇಳಲ್ಲ. ದುಡ್ಡು ಹೋದರೆ ಬ್ಯಾಂಕಿನವರು ಕೊಡುತ್ತಾರಾ? (ಶಿರಸಿ)

ಉತ್ತರ: ಬೆಂಗಳೂರಿನಲ್ಲೇ ನಡೆದ ಒಂದು ಪ್ರಕರಣವನ್ನು ನಿಮ್ಮ ಮಾವನವರಿಗೆ ಓದಿ ಹೇಳಿ. 2013ರ ನವೆಂಬರ್‌ನಲ್ಲಿ ಮಾರತ್ತಹಳ್ಳಿಯ ಒಬ್ಬ ಮಹಿಳೆ ಹೆರಿಗೆ ರಜೆಯಲ್ಲಿದ್ದರು. ಕಾರ್ಡ್, ಪಿನ್ ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಕಳಿಸಿದರು. ಮೆಷಿನ್ ಚೀಟಿ ಕೊಟ್ಟಿತು, ದುಡ್ಡು ಕೊಡಲಿಲ್ಲ. ಖಾತೆಯಿಂದ ಮಾತ್ರ ಹಣ ಕಡಿತವಾಯಿತು. ವರ್ಷಗಟ್ಟಲೆ ಓಡಾಡಿದ ಮೇಲೆ 2018ರಲ್ಲಿ ಗ್ರಾಹಕರ ವೇದಿಕೆ ಅವರ ದೂರನ್ನು ವಜಾ ಮಾಡಿತು. ಕಾರಣ, ಪಿನ್ ಬೇರೆಯವರಿಗೆ ಕೊಟ್ಟದ್ದು. ಆ ಬೇರೆಯವರು ಸ್ವಂತ ಗಂಡ! ಬಾಣಂತಿ ಎಟಿಎಂವರೆಗೆ ನಡೆದುಕೊಂಡು ಹೋಗಬೇಕಿತ್ತಾ ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆದರೆ ಅಲ್ಲಿ ಗೆದ್ದದ್ದು ಬ್ಯಾಂಕಿನ ನಿಯಮ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದನ್ನು ಸ್ಪಷ್ಟ ಮಾಡಿದೆ. ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನ ಕಳ್ಳ ಹಣ ಎಗರಿಸಿದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ನಷ್ಟ ಇಲ್ಲ. ಆದರೆ ಪಿನ್ ಅಥವಾ ಪಾಸ್‌ವರ್ಡ್ ನೀವೇ ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ನಿಮ್ಮದೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅದಕ್ಕೇ ಗೊತ್ತಾದ ಗಳಿಗೆಯಲ್ಲೇ ಬ್ಯಾಂಕಿಗೆ ಮತ್ತು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ನಾಳೆ ನೋಡೋಣ ಅನ್ನಬಾರದು.

ಮಾವನವರಿಗೆ ಪಿನ್ ಕೊಡಬೇಡಿ ಅಂದರೆ ಸಾಲದು, ಬೇರೆ ದಾರಿ ತೋರಿಸಬೇಕು. ಖಾತೆಗೆ ನಿಮ್ಮ ಯಜಮಾನರ ಹೆಸರು ಸೇರಿಸಿ ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದು ಎಂದು ಮಾಡಿಸಿ, ಅವರಿಗೆ ಬೇರೆ ಕಾರ್ಡ್ ಬರುತ್ತದೆ. ಮಾವನವರಿಗೆ ಯುಪಿಐ ಇದ್ದರೆ 2024ರಲ್ಲಿ ಬಂದ ಯುಪಿಐ ಸರ್ಕಲ್ ಇದೆ. ಪಿನ್ ಹೇಳದೆಯೇ ಮನೆಯ ಇನ್ನೊಬ್ಬರಿಗೆ ತಿಂಗಳಿಗೆ 15,000 ರೂಪಾಯಿವರೆಗೆ ಖರ್ಚು ಮಾಡಲು ಬಿಡಬಹುದು, ಬೇಡ ಅನಿಸಿದ ದಿನ ತೆಗೆದುಹಾಕಬಹುದು.

ಪ್ರಶ್ನೆ: ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಎಲ್ಲಾ ಪಾಸ್‌ವರ್ಡ್ ಹೇಳಿಕೊಂಡಿದ್ದೆವು. ಈಗ ಎಂಟು ತಿಂಗಳಿಂದ ತವರಿನಲ್ಲಿದ್ದೇನೆ, ವಿಚ್ಛೇದನದ ಕೇಸು ನಡೆಯುತ್ತಿದೆ. ನನ್ನ ವಕೀಲರಿಗೆ ಕಳಿಸಿದ ಇಮೇಲ್‌ನಲ್ಲಿದ್ದ ಮಾತನ್ನೇ ನನ್ನ ಗಂಡ ಮೊನ್ನೆ ನನ್ನ ಅಣ್ಣನಿಗೆ ಹೇಳಿದ್ದಾರೆ. ‘ಪಾಸ್‌ವರ್ಡ್ ಅವಳೇ ಕೊಟ್ಟಿದ್ದು’ ಅನ್ನುತ್ತಾರೆ. ನಾನೇ ಕೊಟ್ಟಿದ್ದಕ್ಕೆ ಈಗ ಏನೂ ಮಾಡಲಾಗದಾ? (ದಾವಣಗೆರೆ)

ಉತ್ತರ: ಮಾಡಬಹುದು ತಾಯಿ, ಖಂಡಿತ ಮಾಡಬಹುದು. ನಿಮ್ಮ ಹಾಗೇ ನಾನೇ ಕೊಟ್ಟೆನಲ್ಲ ಎಂದು ಸುಮ್ಮನಾದ ಹೆಣ್ಣುಮಕ್ಕಳನ್ನು ಬಹಳ ನೋಡಿದ್ದೇನೆ. ಒಂದು ಕಾಲಕ್ಕೆ ಕೊಟ್ಟ ಒಪ್ಪಿಗೆ ಜೀವನಪೂರ್ತಿ ಒಪ್ಪಿಗೆ ಅಲ್ಲ. ಮನೆಯ ಕೀ ಕೊಟ್ಟಿದ್ದೆ ಅಂತ ಬಿಟ್ಟುಹೋದವರು ರಾತ್ರಿ ಬಂದು ಬೀರು ತೆಗೆಯಬಹುದಾ?

ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ನೇ ಕಲಂ ‘ಅನುಮತಿ ಇಲ್ಲದೆ’ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗುವುದನ್ನು ತಪ್ಪು ಎನ್ನುತ್ತದೆ. ಈ ಕಲಂನಡಿ ಪರಿಹಾರ ಕೇಳಲು ಮೋಸದ ಉದ್ದೇಶ ಸಾಬೀತು ಮಾಡಬೇಕಿಲ್ಲ. ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯೇ ಇದಕ್ಕೆ ನ್ಯಾಯನಿರ್ಣಯ ಅಧಿಕಾರಿ, ಐದು ಕೋಟಿವರೆಗಿನ ಪರಿಹಾರದ ಅರ್ಜಿ ಅವರು ಕೇಳಬಹುದು. ಇದೇ ಕೆಲಸವನ್ನು ಅಪ್ರಾಮಾಣಿಕವಾಗಿ ಮಾಡಿದ್ದರೆ 66ನೇ ಕಲಂ, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ ಅಥವಾ ಎರಡೂ. ಪಾಸ್‌ವರ್ಡ್ ಬಳಸಿದ್ದಕ್ಕೆ 66ಸಿ. ಇದರ ಜೊತೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದೆ. ಹೆಣ್ಣಿನ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಗಂಡಸು ಕಣ್ಣಿಡುವುದನ್ನೂ ಅದು ಹಿಂಬಾಲಿಸುವ ಅಪರಾಧ ಎಂದೇ ಎಣಿಸುತ್ತದೆ.

ನಿಮಗೆ ಯಾರಾದರೂ 2025ರ ಜುಲೈನ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ ಹೆದರಿಸಬಹುದು. ಗಂಡ ಹೆಂಡತಿಯ ಫೋನ್ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವಿಚ್ಛೇದನದ ಕೇಸಿನಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿರುವ ತೀರ್ಪು ಅದು. ಅಲ್ಲಿ ಇದ್ದದ್ದು ಸಾಕ್ಷ್ಯದ ಪ್ರಶ್ನೆ. ಹೆಂಡತಿಯ ಇಮೇಲ್‌ಗೆ ನುಗ್ಗಲು ಅದು ಯಾರಿಗೂ ಪರವಾನಗಿ ಕೊಟ್ಟಿಲ್ಲ. ಅದೂ ವಕೀಲರಿಗೆ ಬರೆದ ಪತ್ರ ಓದುವುದು ಇನ್ನೂ ಗಂಭೀರ, ಇದನ್ನು ನಿಮ್ಮ ವಕೀಲರಿಗೆ ಇವತ್ತೇ ಹೇಳಿ.

ಕ್ರಮ ತಪ್ಪಬೇಡಿ. ತಕ್ಷಣ ಪಾಸ್‌ವರ್ಡ್ ಬದಲಿಸಲು ಹೋದರೆ ಗುರುತುಗಳು ಅಳಿಸಿಹೋಗಬಹುದು. ಮೊದಲು ಗೂಗಲ್ ಖಾತೆಯಲ್ಲಿ ಯಾವ ಯಾವ ಸಾಧನಗಳಿಂದ, ಎಲ್ಲಿಂದ, ಯಾವಾಗ ಲಾಗಿನ್ ಆಗಿದೆ ಎಂಬ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಕಾಣಲಿ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಆಗಿರುವ ಸಾಧನಗಳ ಪಟ್ಟಿಯನ್ನೂ ತೆಗೆಯಿರಿ. ಆಮೇಲೆ ಎಲ್ಲಾ ಸಾಧನಗಳಿಂದ ಲಾಗೌಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಖಾತೆ ಮರಳಿ ಪಡೆಯಲು ಕೊಟ್ಟ ಮೊಬೈಲ್ ನಂಬರ್ ಅವರದ್ದೇ ಇದೆಯಾ ನೋಡಿ, ಹೆಚ್ಚಿನವರು ಮರೆಯುವುದು ಇದನ್ನೇ. ಕೊನೆಗೆ ವಕೀಲರ ಮೂಲಕ ಒಂದು ನೋಟಿಸ್, ನನ್ನ ಯಾವ ಖಾತೆಗೂ ನಿಮಗೆ ಇನ್ನು ಅನುಮತಿ ಇಲ್ಲ ಅಂತ. ಅದು ತಲುಪಿದ ಮೇಲೆ ‘ಅವಳೇ ಕೊಟ್ಟಿದ್ದು’ ಎನ್ನುವ ಮಾತು ನಡೆಯುವುದಿಲ್ಲ. ದೂರು ಕೊಡುವುದಾದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ಐಟಿ ಕಾಯ್ದೆಯ ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವ ಹಾಗಿಲ್ಲ.

ಪ್ರಶ್ನೆ: ಗ್ರಾಮ ಪಂಚಾಯಿತಿಯಲ್ಲಿ ಡೇಟಾ ಎಂಟ್ರಿ ಆಪರೇಟರ್ ಆಗಿದ್ದೇನೆ. ನಮ್ಮ ಪಿಡಿಒ ಅವರಿಗೆ ಎರಡು ಪಂಚಾಯಿತಿ ಚಾರ್ಜ್. ಡಿಜಿಟಲ್ ಸಹಿಯ ಕೀ, ಪಿನ್ ನನ್ನ ಹತ್ತಿರ ಬಿಟ್ಟು ಹೋಗುತ್ತಾರೆ. ಇ-ಸ್ವತ್ತು ಕೆಲಸ ನಿಲ್ಲಬಾರದು ಅಂತ ನಾನೇ ಸಹಿ ಹಾಕುತ್ತೇನೆ. ಏನಾದರೂ ತಪ್ಪಾದರೆ ಯಾರ ತಲೆಗೆ? (ಕುಷ್ಟಗಿ)

ಉತ್ತರ: ಇಬ್ಬರ ತಲೆಗೂ. ಡಿಜಿಟಲ್ ಸಹಿ ಪಡೆದವರು ಅದರ ಖಾಸಗಿ ಕೀಯನ್ನು ತಮ್ಮ ಹತೋಟಿಯಲ್ಲೇ ಇಟ್ಟುಕೊಳ್ಳಬೇಕು, ಬೇರೆಯವರಿಗೆ ಸಿಗದಂತೆ ನೋಡಿಕೊಳ್ಳಬೇಕು ಎಂದು ಐಟಿ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಆ ಕರ್ತವ್ಯ ಪಿಡಿಒ ಅವರದು. ಆಸ್ತಿ ದಾಖಲೆಗಳಾದ ಫಾರಂ 9, 11ರ ಮೇಲೆ ಬೀಳುವ ಸಹಿ ಅವರ ಹೆಸರಿನದೇ, ಹಾಗಾಗಿ ಇಲಾಖೆ ವಿಚಾರಣೆ ಅವರಿಂದಲೇ ಶುರು. ಆದರೆ ಆಸ್ತಿಯ ಖಾತೆ ತಪ್ಪಾಗಿ ಆಗಿದ್ದರೆ, ಅದರಲ್ಲಿ ಯಾರೋ ದುಡ್ಡು ಹೊಡೆದಿದ್ದರೆ, ಕೀ ಒತ್ತಿದವರು ನೀವು. ಸಾಹೇಬರು ಬಾಯಿಮಾತಲ್ಲಿ ಹೇಳಿದ್ದರು ಎನ್ನುವುದಕ್ಕೆ ನಿಮ್ಮ ಹತ್ತಿರ ಕಾಗದ ಇಲ್ಲ. ಸಂಬಳದಲ್ಲಿ, ಹುದ್ದೆಯಲ್ಲಿ ನೀವು ಚಿಕ್ಕವರು, ಬಲಿಯಾಗುವುದೂ ಮೊದಲು ನೀವೇ ಎನ್ನುವುದು ನನ್ನ ಚಿಂತೆ.

ದೊಡ್ಡವರಿಗೂ ಇದು ಬಿಟ್ಟಿಲ್ಲ. ಲೋಕಸಭೆಯ ಪೋರ್ಟಲ್‌ನ ಲಾಗಿನ್ ಅನ್ನು ಉದ್ಯಮಿಯೊಬ್ಬರಿಗೆ ಕೊಟ್ಟ ವಿಷಯ ಸಂಸದೆ ಮಹುವಾ ಮೊಯಿತ್ರಾ ಅವರ ಮೇಲಿನ ಆರೋಪಗಳಲ್ಲಿ ಒಂದಾಗಿತ್ತು. ಪ್ರಶ್ನೆ ಟೈಪ್ ಮಾಡಿಸಲು ಕೊಟ್ಟಿದ್ದೆ, ಹಣ ಪಡೆದಿಲ್ಲ ಎಂದು ಅವರು ಹೇಳಿದರು. 2023ರ ಡಿಸೆಂಬರ್ 8ರಂದು ಸದನ ಅವರನ್ನು ಉಚ್ಚಾಟಿಸಿತು. ಆ ಕ್ರಮ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಟೈಪ್ ಮಾಡಲು ಕೊಟ್ಟೆ ಎಂಬ ಕಾರಣ ಅಲ್ಲಿಯೂ ಉಳಿಸಲಿಲ್ಲ ಅನ್ನುವುದನ್ನು ನೋಡಿ.

ಸಾಹೇಬರಿಗೆ ಗೌರವದಿಂದಲೇ ಹೇಳಿ: ನಾನು ಎಂಟ್ರಿ ಮಾಡಿ ಇಟ್ಟಿರುತ್ತೇನೆ, ಸಹಿ ಮಾತ್ರ ನೀವು ಬಂದ ದಿನ ಹಾಕಿ ಅಂತ. ಒಪ್ಪದಿದ್ದರೆ ತಾಲ್ಲೂಕು ಪಂಚಾಯಿತಿ ಇಒ ಅವರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಪ್ರಶ್ನೆ: ಪೊಲೀಸರು ಕೇಳಿದರೆ ಫೋನ್ ಪಾಸ್‌ವರ್ಡ್ ಹೇಳಲೇಬೇಕಾ? (ಮಂಗಳೂರು)

ಉತ್ತರ: ಕೇಳಿದ ಕೂಡಲೇ ಹೇಳಲೇಬೇಕು ಅಂತಿಲ್ಲ. 2021ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಇದನ್ನು ವಿವರವಾಗಿ ನೋಡಿದೆ. ತನಿಖಾಧಿಕಾರಿ ಕೇಳಬಹುದು, ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಕೊಡದಿದ್ದರೆ ಅವರು ಕೋರ್ಟಿನಿಂದ ಶೋಧನಾ ವಾರಂಟ್ ತರಬೇಕು. ವಾರಂಟ್ ಬಂದ ಮೇಲೂ ಹಟ ಹಿಡಿದರೆ ನಿಮ್ಮ ವಿರುದ್ಧ ಅನುಮಾನಕ್ಕೆ ಅದೇ ಕಾರಣವಾಗಬಹುದು. ತೀರಾ ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷ. ಪರಿಚಯದ ಅಣ್ಣ ಒಬ್ಬರು ನನ್ನ ಹೆಸರಲ್ಲಿ ಖಾತೆ ತೆರೆಸಿ, ಎಟಿಎಂ ಕಾರ್ಡ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಸಿಮ್ ತೆಗೆದುಕೊಂಡು 5,000 ರೂಪಾಯಿ ಕೊಟ್ಟರು. ಗೇಮಿಂಗ್ ವ್ಯವಹಾರಕ್ಕೆ ಅಂದರು. ಈಗ ಖಾತೆಯಲ್ಲಿ ಲಕ್ಷಗಟ್ಟಲೆ ಓಡಾಡುತ್ತಿದೆ. ಅಪ್ಪನಿಗೆ ಹೇಳಿದರೆ ಬೈಯುತ್ತಾರೆ. (ವಿಜಯಪುರ)

ಉತ್ತರ: ನೋಡಪ್ಪ, ಈ ಅಂಕಣದಲ್ಲಿ ಬಂದ ಎಲ್ಲ ಪತ್ರಗಳಲ್ಲಿ ನನಗೆ ಭಯ ಹುಟ್ಟಿಸಿದ್ದು ನಿನ್ನದು. ಮೇಲೆ ಹೇಳಿದ ಎಷ್ಟೋ ಪ್ರಶ್ನೆಗಳಲ್ಲಿ ಕೊಟ್ಟವರಿಗೆ ನಷ್ಟ ಆಗಬಹುದು, ಆದರೆ ಅವರು ಆರೋಪಿ ಅಲ್ಲ. ನಿನ್ನ ವಿಷಯ ಹಾಗಿಲ್ಲ. ಆ ಹಣ ಬಹುಮಟ್ಟಿಗೆ ಎಲ್ಲೋ ಯಾರೋ ಮೋಸ ಹೋದವರದ್ದು. ಪೊಲೀಸರು ಮೊದಲು ಹಿಡಿಯುವ ಎಳೆ ನಿನ್ನ ಹೆಸರು, ನಿನ್ನ ಆಧಾರ್, ನಿನ್ನ ಸಹಿ. ನ್ಯಾಯ ಸಂಹಿತೆಯ 318ನೇ ಕಲಂನ ವಂಚನೆಗೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಇದು ಗುಂಪಾಗಿ ನಡೆಸಿದ ಸೈಬರ್ ಅಪರಾಧ ಎಂದಾದರೆ ಸಂಘಟಿತ ಅಪರಾಧದ 111ನೇ ಕಲಂ ಕೂಡ ಹಾಕಬಹುದು, ಅದು ಇನ್ನೂ ಕಠಿಣ. ನಿನಗೆ ನಿಜವಾಗಿ ಗೊತ್ತಿರಲಿಲ್ಲ ಅನ್ನುವುದು ನಿನ್ನ ಪರವಾದ ಮಾತು. ಆದರೆ ಲಕ್ಷಗಟ್ಟಲೆ ಓಡಾಡುತ್ತಿದೆ ಅಂತ ಗೊತ್ತಾದ ಮೇಲೂ ಸುಮ್ನೆ ಕೂತರೆ ಆ ಮಾತಿಗೆ ದಿನದಿನಕ್ಕೂ ಬೆಲೆ ಕಡಿಮೆಯಾಗುತ್ತದೆ.

ಈ ಉತ್ತರ ಅಚ್ಚಾಗುವವರೆಗೆ ಕಾಯಬಾರದು ಅಂತ ನಿನಗೆ ನೇರವಾಗಿ ಬರೆದೂ ಕಳಿಸಿದ್ದೇನೆ. ಇಲ್ಲಿ ಹಾಕುತ್ತಿರುವುದು ನಿನ್ನಂಥ ಬೇರೆ ಹುಡುಗರಿಗಾಗಿ. ಮೊದಲು ಬ್ಯಾಂಕಿಗೆ ಫೋನ್ ಮಾಡಿ ಖಾತೆ, ಕಾರ್ಡ್ ಬ್ಲಾಕ್ ಮಾಡಿಸು. ಸಿಮ್ ನಿನ್ನ ಹೆಸರಲ್ಲಿದ್ದರೆ ಅದನ್ನೂ ನಿಲ್ಲಿಸು. 1930ಕ್ಕೆ ಫೋನ್ ಮಾಡು, ಒಬ್ಬ ವಕೀಲರನ್ನು ಜೊತೆಗಿಟ್ಟುಕೊಂಡು ಸಿಇಎನ್ ಠಾಣೆಗೆ ಹೋಗಿ ನಡೆದದ್ದನ್ನು ಬರೆದುಕೊಡು. ಆ ಅಣ್ಣನ ಚಾಟ್ ಒಂದನ್ನೂ ಅಳಿಸಬೇಡ, ಅವನು ಎಷ್ಟೇ ಗೋಗರೆದರೂ. ಆ ಖಾತೆಯ ಹಣ ಒಂದು ರೂಪಾಯಿಯನ್ನೂ ಮುಟ್ಟಬೇಡ.

ಅಪ್ಪ ಬೈಯುತ್ತಾರೆ ಅಂತ ಬರೆದಿದ್ದೀಯ. ಬೈಯಲಿ ಬಿಡು. ಠಾಣೆಯಿಂದ ಫೋನ್ ಬಂದು ಗೊತ್ತಾಗುವುದಕ್ಕಿಂತ ನಿನ್ನ ಬಾಯಿಂದ ಗೊತ್ತಾಗಲಿ. ಇವತ್ತು ರಾತ್ರಿ ಊಟ ಆದ ಮೇಲೆ ಹೇಳು, ನಾಳೆ ಬೆಳಿಗ್ಗೆ ಬ್ಯಾಂಕಿಗೆ ಅವರನ್ನೂ ಕರೆದುಕೊಂಡು ಹೋಗು.